ಸಭೆ ಮುಗಿದ ಮೇಲೆ ಫೋಟೊ ಹಾಕಿದಿರಿ, ಸಭೆ ಇದೆ ಅಂತ ಯಾರಿಗೆ ಹೇಳಿದಿರಿ?

ನಮ್ಮೂರಿನಲ್ಲಿ ಗ್ರಾಮಸಭೆ ನಡೆದದ್ದು ನನಗೆ ಗೊತ್ತಾಗಿದ್ದು ಸಂಜೆ, ಅದೂ ಫೋಟೊ ನೋಡಿ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದರ ಹಿಂದೆ ಒಂದು ಬಂದವು. ಹಿಂದೆ ಬ್ಯಾನರ್, ಮೇಜಿನ ಮೇಲೆ ನೀರಿನ ಬಾಟಲಿ, ಎದುರಿಗೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ. ಕೂತವರಲ್ಲಿ ಅರ್ಧ ಜನ ಪಂಚಾಯ್ತಿ ಸದಸ್ಯರು ಮತ್ತು ಅವರ ಕಡೆಯವರು. ಉಳಿದವರು ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು, ಕಚೇರಿ ಸಿಬ್ಬಂದಿ. ಕೆಳಗೆ ಒಂದು ಸಾಲು: "ಗ್ರಾಮಸಭೆ ಯಶಸ್ವಿಯಾಗಿ ನಡೆಯಿತು." ಅದರ ಕೆಳಗೆ ಹೂವು, ಕೈ ಮುಗಿಯುವ ಚಿತ್ರ, "ಅಭಿನಂದನೆಗಳು ಅಣ್ಣ".

ಯಾರಿಗೆ ಯಶಸ್ವಿ? ಮದುವೆ ಮುಗಿದ ಮೇಲೆ ಲಗ್ನಪತ್ರಿಕೆ ಕೊಟ್ಟ ಹಾಗಾಯಿತು ಇದು. ನಮ್ಮ ಬೀದಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎದುರುಮನೆಯ ಹೆಂಗಸರು ಬೆಳಿಗ್ಗೆಯೇ ಕಳೆ ಕೀಳಲು ಕೂಲಿಗೆ ಹೋಗಿದ್ದರು. ಪಕ್ಕದ ಮನೆಯ ಅಜ್ಜ ಇಡೀ ದಿನ ಜಗಲಿ ಮೇಲೇ ಕೂತಿದ್ದರು. ಯಾರೂ ಬಂದು ಹೇಳಲಿಲ್ಲ. ಬೀದಿಯಲ್ಲಿ ಒಂದು ಕೂಗು ಕೂಡ ಕೇಳಲಿಲ್ಲ.

ಗ್ರಾಮಸಭೆ ಪಂಚಾಯ್ತಿಯವರ ಮನೆ ಕಾರ್ಯಕ್ರಮ ಅಲ್ಲ ಸ್ವಾಮಿ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರು. ಆ ಅಜ್ಜನೂ ಸದಸ್ಯರು, ಕಳೆ ಕೀಳಲು ಹೋದವರೂ ಸದಸ್ಯರು. ಗೆದ್ದು ಬಂದವರದು ಐದು ವರ್ಷದ ಅವಧಿ, ನಮ್ಮದು ಜೀವ ಇರುವ ತನಕ. ಆರು ತಿಂಗಳಿಗೆ ಒಮ್ಮೆಯಾದರೂ ಸಭೆ ಸೇರಿಸಲೇಬೇಕು. ಅದಕ್ಕೂ ಮುಂಚೆ ವಾರ್ಡ್ ಸಭೆ ಆಗಬೇಕು. ಒಟ್ಟು ಸದಸ್ಯರಲ್ಲಿ ಹತ್ತರಲ್ಲಿ ಒಂದು ಪಾಲು ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಜನರಾದರೂ ಸೇರಿರಬೇಕು. ಆ ಫೋಟೊದಲ್ಲಿ ಅಷ್ಟು ಜನ ಎಲ್ಲಿದ್ದರು ತೋರಿಸಿ ನೋಡೋಣ.

ಇಲ್ಲದ ಜನರನ್ನು ಹೇಗೆ ತುಂಬಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಹಾಜರಾತಿ ಪುಸ್ತಕ ಮನೆಮನೆಗೆ ಬಂತು. "ಅಕ್ಕಾ, ಇಲ್ಲೊಂದು ಸಹಿ ಹಾಕಿ, ಸುಮ್ನೆ ಲೆಕ್ಕಕ್ಕೆ" ಅಂದರಂತೆ. ನಮ್ಮ ಬೀದಿಯ ಎಷ್ಟೋ ಹೆಂಗಸರು ಒಲೆ ಮುಂದಿನಿಂದ ಎದ್ದು ಬಂದು ಹೆಬ್ಬೆಟ್ಟು ಒತ್ತಿ ಕಳಿಸಿದ್ದಾರೆ. ಯಾವುದಕ್ಕೆ ಅಂತ ಅವರಿಗೆ ಗೊತ್ತಿಲ್ಲ. ರೇಷನ್‌ಗೆ ಇರಬೇಕು ಅಂದುಕೊಂಡವರೇ ಜಾಸ್ತಿ. ಕಾಲಿಡದ ಸಭೆಯಲ್ಲಿ, ಕೇಳದ ಠರಾವಿಗೆ, ಅವರೆಲ್ಲ ಒಪ್ಪಿಗೆ ಕೊಟ್ಟ ಹಾಗೆ ಪುಸ್ತಕದಲ್ಲಿ ಕೂತಿದೆ. ಇದಕ್ಕೆ ಮೋಸ ಅನ್ನದೆ ಇನ್ನೇನು ಅನ್ನಬೇಕು?

ಇದರಲ್ಲಿ ಏನು ಮಹಾ ನಷ್ಟ ಅಂತ ಕೇಳುವವರಿದ್ದಾರೆ. ಹೇಳುತ್ತೇನೆ. ಬಸವ ವಸತಿ, ಅಂಬೇಡ್ಕರ್ ನಿವಾಸದಂಥ ಯೋಜನೆಗಳಲ್ಲಿ ಮನೆ ಯಾರಿಗೆ ಅನ್ನುವ ಪಟ್ಟಿ ಗ್ರಾಮಸಭೆಯಲ್ಲಿ ಆಯ್ಕೆಯಾಗುತ್ತದೆ. ಮುಂದಿನ ವರ್ಷ ಯಾವ ಬೀದಿಗೆ ಚರಂಡಿ, ಯಾವ ಕೆರೆಯ ಹೂಳು, ಯಾವ ಶಾಲೆಗೆ ಕಾಂಪೌಂಡ್ ಅನ್ನುವ ಕ್ರಿಯಾ ಯೋಜನೆ ಅಲ್ಲೇ ಓದಬೇಕು, ಅಲ್ಲೇ ಒಪ್ಪಿಗೆ ಆಗಬೇಕು. ಅದಕ್ಕೆ "ನಮ್ಮ ಗ್ರಾಮ ನಮ್ಮ ಯೋಜನೆ" ಅಂತಲೇ ಹೆಸರು ಇಟ್ಟಿದ್ದಾರೆ. ಆ "ನಮ್ಮ" ಯಾರು?

ಊರ ಹಿಂದಿನ ಬೀದಿಯಲ್ಲಿ ಗಂಡ ತೀರಿಕೊಂಡ ಹೆಣ್ಣುಮಗಳೊಬ್ಬರಿದ್ದಾರೆ. ಮಳೆಗಾಲ ಬಂದರೆ ಅವರ ಮನೆಯೊಳಗೆ ಪಾತ್ರೆ ಇಡಲು ಜಾಗ ಸಾಲುವುದಿಲ್ಲ, ಅಷ್ಟು ಕಡೆ ಸೋರುತ್ತದೆ. ಒಂದು ಗೋಡೆ ಆಗಲೇ ಜರುಗಿದೆ. ಅವರ ಹತ್ತಿರ ಇರುವುದು ಬಟನ್ ಫೋನು. ಸಭೆಗೆ ಹೋಗಿ ಎದ್ದು ನಿಂತು "ನನ್ನ ಹೆಸರು ಯಾಕಿಲ್ಲ" ಅಂತ ಕೇಳುವ ಧೈರ್ಯ ಅವರಿಗೆ ಇದೆ. ಬಾಯಿ ಜೋರೇ ಇದೆ. ಆದರೆ ಕೇಳುವುದಕ್ಕೆ ಸಭೆ ಯಾವತ್ತು ಅಂತ ಗೊತ್ತಿರಬೇಕಲ್ಲ? ಪಟ್ಟಿ ಆಗಿಹೋಗಿದೆ ಅಂತ ತಿಳಿದ ದಿನ ಅವರು ಯಾರ ಮೇಲೂ ಕೂಗಾಡಲಿಲ್ಲ. "ಇನ್ನೊಂದ್ಸಲ ಬರುತ್ತೆ ಬಿಡಿ" ಅಂದರು. ಅವರಿಗೆ ಬರದ ಸಿಟ್ಟು ನನಗೆ ಬಂದಿದೆ.

ಕೇಳಿದರೆ ಒಂದೇ ಉತ್ತರ: "ಗ್ರೂಪಿಗೆ ಹಾಕಿದ್ದೆವಲ್ಲ." ಹಾಕಿದ್ದಾರೆ, ಸುಳ್ಳಲ್ಲ. ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ, ಓದಲಾಗದಷ್ಟು ಮಂಕಾದ ನೋಟಿಸ್ ಫೋಟೊ. ಅದರ ಮೇಲೆ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್, ಕೆಳಗೆ ಎರಡು ಪಕ್ಷದವರ ಜಗಳ, ನಡುವೆ ಶುಭೋದಯ, ಮಾರಾಟಕ್ಕಿರುವ ಹಸು, ಕಳೆದುಹೋದ ಪರ್ಸು. ಗ್ರೂಪಿನಲ್ಲಿ ಇರುವವರಾದರೂ ಯಾರು? ಹೆಚ್ಚಿನ ಮನೆಗಳಿಂದ ಒಬ್ಬ ಹುಡುಗ. ಅವರಲ್ಲೂ ಎಷ್ಟೋ ಜನ ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಹಬ್ಬಕ್ಕೆ ಊರಿಗೆ ಬರುವವರು. ನಾಳೆ ನೀರು ಬಿಡುವುದಿಲ್ಲ ಅನ್ನುವ ಸುದ್ದಿ ಪೀಣ್ಯದಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಬಿಂದಿಗೆ ಹಿಡಿದು ನಲ್ಲಿ ಹತ್ತಿರ ಕಾಯುವುದು ಇಲ್ಲಿರುವ ಅವನ ತಾಯಿ.

ಬರೀ ಸಭೆಯ ವಿಷಯ ಅಲ್ಲ ಇದು. ಊರಿನ ಸುದ್ದಿ ಊರಿಗೇ ತಲುಪುತ್ತಿಲ್ಲ. ಕಾಲುಬಾಯಿ ರೋಗದ ಲಸಿಕೆ ಹಾಕಲು ಬಂದಿದ್ದರು. ದನಗಳು ಆಗಲೇ ಮೇಯಲು ಹೋಗಿದ್ದವು. ಕೊಟ್ಟಿಗೆಯಲ್ಲಿ ಕಟ್ಟಿದ್ದ ನಾಲ್ಕು ಮನೆಯ ದನಕ್ಕೆ ಹಾಕಿ ಹೊರಟರು. ಹಿಂದಿನ ದಿನ ಸಂಜೆ ಡೈರಿಯಲ್ಲಿ ಹಾಲು ಹಾಕುವ ಹೊತ್ತಿಗೆ ಒಂದು ಮಾತು ಹೇಳಿದ್ದರೆ ಯಾರು ತಾನೇ ದನ ಬಿಡುತ್ತಿದ್ದರು? ಆ ರೋಗ ಬಂದರೆ ಹಾಲು ಇಳಿಯುತ್ತದೆ, ಬಾಯಿ ಹುಣ್ಣಾಗಿ ಮೇವು ಮುಟ್ಟುವುದಿಲ್ಲ, ಗೊರಸಿನ ಸಂದಿಯಲ್ಲಿ ಹುಣ್ಣಾಗಿ ನಡೆಯಲು ಆಗುವುದಿಲ್ಲ. ಒಂದು ಮನೆಯ ದನಕ್ಕೆ ಬಂದರೆ ಇಡೀ ಬೀದಿಗೆ ಹಬ್ಬುತ್ತದೆ. ಲಸಿಕೆ ಸರ್ಕಾರ ಪುಕ್ಕಟೆ ಕೊಡುತ್ತದೆ. ಹೇಳುವ ಬಾಯಿಗೆ ಮಾತ್ರ ಬರ.

ಬೆಳೆ ಸಮೀಕ್ಷೆಯದು ಇನ್ನೂ ಹೊಟ್ಟೆ ಉರಿಸುವ ಕಥೆ. ನಮ್ಮ ಹೊಲದಲ್ಲಿ ಯಾವ ಬೆಳೆ ಇದೆ ಅಂತ ಮೊಬೈಲಿನಲ್ಲಿ ಫೋಟೊ ತೆಗೆದು ಏರಿಸುತ್ತಾರೆ. ಬೆಳೆ ವಿಮೆ, ಬೆಳೆನಷ್ಟ ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಆ ದಾಖಲೆಯೇ ಬೇಕು. ತಪ್ಪಾಗಿದ್ದರೆ ಬೆಳೆ ದರ್ಶಕ್ ಆ್ಯಪಿನಲ್ಲಿ ನೋಡಿ ಆಕ್ಷೇಪಣೆ ಹಾಕಬಹುದು. ಅದಕ್ಕೂ ಕೊನೆಯ ದಿನ ಅಂತ ಇರುತ್ತದೆ. ರಾಗಿ ಬೆಳೆದ ಹೊಲಕ್ಕೆ ಇನ್ಯಾವುದೋ ಬೆಳೆ ಬರೆದಿದ್ದಾರೆ ಅಂತ ನಮ್ಮ ಕಡೆಯ ರೈತರಿಗೆ ಗೊತ್ತಾಗುವುದು ಯಾವಾಗ? ಮೂಟೆ ಕಟ್ಟಿ, ಖರೀದಿ ಕೇಂದ್ರಕ್ಕೆ ಹೆಸರು ಬರೆಸಲು ಹೋದಾಗ. "ನಿಮ್ಮ ಪಹಣಿಯಲ್ಲಿ ರಾಗಿ ಇಲ್ಲ" ಅಂತ ವಾಪಸ್ ಕಳಿಸುತ್ತಾರೆ. ಕೊನೆಗೆ ಮಧ್ಯವರ್ತಿಗೆ ಅವನು ಕೇಳಿದ ರೇಟಿಗೆ ಕೊಟ್ಟು ಬರಬೇಕು. ಇಡೀ ವರ್ಷದ ದುಡಿಮೆ ಒಂದು ತಾರೀಖು ಗೊತ್ತಿಲ್ಲದ್ದಕ್ಕೆ ಹೋಯಿತು.

ಪಂಪ್‌ಸೆಟ್ ಓಡಿಸುವ ತ್ರೀ ಫೇಸ್ ಕರೆಂಟಿನ ಪಾಳಿ ಬದಲಾದದ್ದೂ ಹಾಗೇ. ರಾತ್ರಿ ಟಾರ್ಚ್ ಹಿಡಿದು ತೋಟಕ್ಕೆ ಹೋಗಿ ಕಾದು, ಬರಿಗೈಯಲ್ಲಿ ಬಂದವರನ್ನು ಕೇಳಿ.

ಊರಿನಲ್ಲಿ ಸುದ್ದಿ ಹರಡುವುದಿಲ್ಲ ಅಂತ ಮಾತ್ರ ಯಾರೂ ಹೇಳಬೇಡಿ. ಯಾರಾದರೂ ತೀರಿಕೊಂಡರೆ ಹತ್ತು ನಿಮಿಷದಲ್ಲಿ ಹೊಲದಲ್ಲಿರುವವರಿಗೂ ಗೊತ್ತಾಗುತ್ತದೆ. ಯಾರ ಮನೆ ಹುಡುಗಿ ಯಾರ ಬೈಕಿನಲ್ಲಿ ಹೋದಳು ಅನ್ನುವುದು ಅದಕ್ಕಿಂತ ಬೇಗ ಗೊತ್ತಾಗುತ್ತದೆ. ಚುನಾವಣೆ ಬಂದರೆ ಆಟೊಗೆ ಮೈಕು ಕಟ್ಟಿ, ಒಂದೇ ಮನೆಗೆ ದಿನಕ್ಕೆ ಮೂರು ಸಲ ಬಂದು, ಅಜ್ಜಿಯರ ಕಾಲಿಗೆ ಬಿದ್ದು ಹೇಳಿ ಹೋಗುತ್ತಾರೆ. ಆಗ ಯಾರೂ "ಗ್ರೂಪಿಗೆ ಹಾಕಿದ್ದೇವೆ, ನೋಡಿಕೊಳ್ಳಿ" ಅನ್ನುವುದಿಲ್ಲ. ಹೇಳಬೇಕು ಅನ್ನಿಸಿದರೆ ದಾರಿ ಇದೆ. ಹೇಳಬಾರದು ಅಂತಲೇ ಹೇಳುತ್ತಿಲ್ಲ.

ಹಿಂದೆ ಡಂಗುರ ಇತ್ತು. ತಮಟೆ ಬಾರಿಸಿಕೊಂಡು ಬೀದಿ ಬೀದಿ ಸುತ್ತಿ ಸಾರುತ್ತಿದ್ದರು. ಆ ಕೆಲಸವನ್ನು ಒಂದೇ ಕೇರಿಯವರ ತಲೆಗೆ ಕಟ್ಟಿ, ಬಿಟ್ಟಿಯಾಗಿ ಮಾಡಿಸಿಕೊಂಡದ್ದು ಅನ್ಯಾಯ. ಅದು ವಾಪಸ್ ಬರುವುದು ಬೇಡವೇ ಬೇಡ. ಆದರೆ ಈಗ ಕಸದ ಗಾಡಿ ಇದೆಯಲ್ಲ? ಹಸಿ ಕಸ, ಒಣ ಕಸ ಅಂತ ಹಾಡು ಹಾಕಿಕೊಂಡು ಬೀದಿ ಬೀದಿಗೆ ಬರುತ್ತದೆ. ಅದೇ ಮೈಕಿನಲ್ಲಿ "ಗುರುವಾರ ಗ್ರಾಮಸಭೆ, ಮನೆ ಪಟ್ಟಿ ಓದುತ್ತಾರೆ, ಎಲ್ಲರೂ ಬನ್ನಿ" ಅಂತ ಹೇಳುವುದಕ್ಕೆ ಎಷ್ಟು ಖರ್ಚಾಗುತ್ತದೆ? ಮೊಬೈಲಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿದರೆ ಮುಗಿಯಿತು. ಡೈರಿಗೆ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಜನ ಬರುತ್ತಾರೆ. ಅಲ್ಲೊಂದು ಹಲಗೆ ನೇತುಹಾಕಿ ಸೀಮೆಸುಣ್ಣದಲ್ಲಿ ಬರೆಯಿರಿ. ರೇಷನ್ ಕೊಡುವ ದಿನ ಸಾಲಿನಲ್ಲಿ ನಿಂತವರಿಗೆ ಹೇಳಿ. ನಿಮ್ಮ ನೋಟಿಸ್ ಬೋರ್ಡ್ ಇರುವುದು ಪಕ್ಕದೂರಿನ ಕಚೇರಿಯ ಒಳಗೆ, ಬೀಗ ಹಾಕಿದ ಗೇಟಿನ ಹಿಂದೆ. ಕೂಲಿ ಬಿಟ್ಟು ಅಲ್ಲಿಗೆ ನಡೆದುಕೊಂಡು ಬಂದು ಅದನ್ನು ಓದುವವರು ಯಾರು?

ಇದು ನಾನು ಕೇಳುತ್ತಿರುವ ಉಪಕಾರ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಓದಿ. ಜನ ಅರ್ಜಿ ಹಾಕುವ ತನಕ ಕಾಯದೆ ಕಚೇರಿಯೇ ಮುಂದಾಗಿ ಮಾಹಿತಿ ಕೊಡಬೇಕು ಅಂತಿದೆ. ಜನರ ಭಾಷೆಯಲ್ಲಿ ಕೊಡಬೇಕು. ಆ ಜಾಗದಲ್ಲಿ ಯಾವ ದಾರಿಯಿಂದ ಹೇಳಿದರೆ ಚೆನ್ನಾಗಿ ತಲುಪುತ್ತದೋ ಅದನ್ನು ನೋಡಿಕೊಂಡು ಕೊಡಬೇಕು. ನೋಟಿಸ್ ಬೋರ್ಡ್, ಪತ್ರಿಕೆಗಳ ಜೊತೆಗೆ ಬಹಿರಂಗವಾಗಿ ಸಾರುವುದೂ ಆ ದಾರಿಗಳಲ್ಲಿ ಒಂದು ಅಂತ ಅಲ್ಲೇ ಬರೆದಿದೆ. ಮಧ್ಯರಾತ್ರಿಯ ಒಂದು ಮೆಸೇಜು ಇದರಲ್ಲಿ ಎಲ್ಲಿಯೂ ಹೊಂದುವುದಿಲ್ಲ.

"ಹೇಳಿದರೂ ಜನ ಬರಲ್ಲ ಬಿಡಿ" ಅನ್ನುವುದು ಇನ್ನೊಂದು ಮಾತು. ಇದನ್ನು ಕೇಳಿದಾಗ ನನಗೆ ಮೈ ಉರಿಯುತ್ತದೆ. ಕಳೆ ಕೀಳುವ ಕಾಲದಲ್ಲಿ, ಕೆಲಸದ ದಿನ, ಬೆಳಿಗ್ಗೆ 11 ಗಂಟೆಗೆ ಸಭೆ ಇಟ್ಟರೆ ಯಾರು ಬರುತ್ತಾರೆ? ಅವತ್ತಿನ ಕೂಲಿ ಯಾರು ಕೊಡುತ್ತಾರೆ? ಒಂದು ಸಲ ವಾರದ ಮುಂಚೆ ಸಾರಿ, ಸಂಜೆ ಹಾಲು ಹಾಕುವ ಹೊತ್ತಿನ ಆಮೇಲೆ ಶಾಲೆ ಮೈದಾನದಲ್ಲಿ ಸಭೆ ಇಟ್ಟು ನೋಡಿ. ಜನ ಬಂದರೆ ಪ್ರಶ್ನೆ ಕೇಳುತ್ತಾರೆ, ಅದೇ ನಿಮ್ಮ ಕಷ್ಟ. ಹೋದ ವರ್ಷ ಬಿಲ್ ಆದ ಚರಂಡಿ ಎಲ್ಲಿ ಅಂತ ಕೇಳುತ್ತಾರೆ. ಕೇಳಲಿ. ಸಭೆ ಇರುವುದೇ ಅದಕ್ಕೆ ಅಲ್ವಾ?

ಊರಿನ ಕೆಲವರೂ ನನಗೇ ಬುದ್ಧಿ ಹೇಳುತ್ತಿದ್ದಾರೆ. "ನಿಮಗ್ಯಾಕೆ ಊರ ಉಸಾಬರಿ, ನಾಳೆ ಒಂದು ಸರ್ಟಿಫಿಕೇಟಿಗೆ ಅವರ ಹತ್ತಿರವೇ ಹೋಗಬೇಕು" ಅಂತ. ಹೌದು, ಹೋಗಬೇಕು. ಮನೆ, ಜಾಗದ ಇ-ಸ್ವತ್ತು ದಾಖಲೆಗೂ ಹೋಗಬೇಕು. ಈ ಹೆದರಿಕೆಯ ಮೇಲೇ ಅಲ್ಲವೇ ಇಷ್ಟು ವರ್ಷ ಎಲ್ಲ ನಡೆದಿರುವುದು?

ಆ ದಿನದ ಸಭೆಯ ನಡಾವಳಿ, ಹಾಜರಾತಿ ಪುಸ್ತಕ, ಮನೆ ಪಟ್ಟಿ, ಮೂರರ ಪ್ರತಿಯೂ ಬೇಕು ಅಂತ ಮಾಹಿತಿ ಹಕ್ಕಿನಲ್ಲಿ ಅರ್ಜಿ ಕೊಟ್ಟಿದ್ದೇನೆ. 10 ರೂಪಾಯಿ ಶುಲ್ಕ ಕಟ್ಟಿ, ಸೀಲು ಹಾಕಿಸಿಕೊಂಡು ಸ್ವೀಕೃತಿ ತಂದಿದ್ದೇನೆ. ತೆಗೆದುಕೊಳ್ಳುವಾಗ ಮುಖ ಸಿಂಡರಿಸಿದರು, ಸಿಂಡರಿಸಲಿ. 30 ದಿನದೊಳಗೆ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕುತ್ತೇನೆ. ಆ ಪುಸ್ತಕದಲ್ಲಿರುವ ಒಂದೊಂದು ಹೆಬ್ಬೆಟ್ಟಿನ ಮನೆಗೂ ಹೋಗಿ, ನೀವು ಅವತ್ತು ಸಭೆಯಲ್ಲಿದ್ದಿರಾ ಅಂತ ಕೇಳುತ್ತೇನೆ. ಹಿಂದಿನ ಬೀದಿಯ ಆ ಹೆಣ್ಣುಮಗಳೂ ಜೊತೆಗೆ ಬರುತ್ತೇನೆ ಅಂದಿದ್ದಾರೆ.