ಲ್ಯೂಕನನ್ನು ಪೆದ್ದನಾಗಿಸಿದ ಪುಸ್ತಕ

ಸ್ಟಾರ್ ವಾರ್ಸ್ ಸಿನಿಮಾಗಳ ನಾಯಕ ಲ್ಯೂಕ್ ಸ್ಕೈವಾಕರ್ ಇಷ್ಟು ಪೆದ್ದನೆಂದು ನನಗೆ ಗೊತ್ತಿರಲಿಲ್ಲ. ದುಷ್ಟ ಚಕ್ರವರ್ತಿಯ ಆಮಿಷಕ್ಕೆ ಬಗ್ಗದೆ ನಿಂತ ಜೆಡೈ ಯೋಧ, ‘ದಿ ಕ್ರಿಸ್ಟಲ್ ಸ್ಟಾರ್’ ಕಾದಂಬರಿಯಲ್ಲಿ ಚಿನ್ನದ ಹುರುಪೆ ಹೊದ್ದ ಒಂದು ಮಾಂಸದ ದಿಮ್ಮಿಯ ಮುಂದೆ ಮರುಳಾಗಿ ನಿಲ್ಲುತ್ತಾನೆ. ಅದರ ಹೆಸರು ವಾರು. ಬೇರೊಂದು ವಿಶ್ವದಿಂದ ಬಂದು ಸಿಕ್ಕಿಬಿದ್ದ ಜೀವಿ. ರೋಗ ವಾಸಿ ಮಾಡುತ್ತದೆಂದು ಜನ ಅದನ್ನು ಮುತ್ತುತ್ತಾರೆ. ಗೆಳೆಯ ಹಾನ್ ಸೋಲೊ ಅನುಮಾನಪಟ್ಟರೆ ಲ್ಯೂಕ್ ಸಿಡುಕುತ್ತಾನೆ. ಓದುತ್ತಾ ನನಗೂ ಸಿಡುಕು ಬಂತು, ಆದರೆ ಹಾನ್ ಮೇಲಲ್ಲ.

1991ರಲ್ಲಿ ಟಿಮೊತಿ ಜಾನ್ ಬರೆದ ಕಾದಂಬರಿಯಿಂದ ಸ್ಟಾರ್ ವಾರ್ಸ್ ಪುಸ್ತಕಗಳಿಗೆ ಮರುಜೀವ ಬಂದಿತ್ತು. ಆಮೇಲೆ ಸಾಲುಸಾಲಾಗಿ ಬಂದವುಗಳಲ್ಲಿ ಇದು 1994ರದ್ದು. ಸರಣಿಯ ಅತಿ ಕೆಟ್ಟ ಪುಸ್ತಕಗಳ ಮಾತು ಬಂದಾಗಲೆಲ್ಲ ಅಭಿಮಾನಿಗಳು ಇದರ ಹೆಸರೆತ್ತುತ್ತಾರೆ. ಯಾರೋ ಕಸುಬು ತಿಳಿಯದವರು ಬರೆದಿದ್ದರೆ ನಾನೂ ಎರಡು ಸಾಲಿನಲ್ಲಿ ಬೈದು ಮುಗಿಸುತ್ತಿದ್ದೆ. ಬರೆದವರು ವೋಂಡಾ ಮ್ಯಾಕಿಂಟೈರ್. ‘ಡ್ರೀಮ್‌ಸ್ನೇಕ್’ ಕಾದಂಬರಿಗೆ ವೈಜ್ಞಾನಿಕ ಕತೆಗಳ ದೊಡ್ಡ ಪ್ರಶಸ್ತಿಗಳಾದ ಹ್ಯೂಗೊ, ನೆಬ್ಯುಲಾ ಎರಡನ್ನೂ ಪಡೆದವರು, ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನ ಓದಿದವರು.

ಆ ಕಾದಂಬರಿ ಓದಿದವರಿಗೆ ನನ್ನ ಹೊಟ್ಟೆಯುರಿ ಅರ್ಥವಾದೀತು. ಅದರ ನಾಯಕಿ ಹಾವುಗಳ ಮೂಲಕ ಚಿಕಿತ್ಸೆ ಮಾಡುವ ವೈದ್ಯೆ. ಕಾಯಿಲೆಬಿದ್ದ ಹುಡುಗನ ಮನೆಯವರು ಹೆದರಿಕೆಯಿಂದ ಅವಳ ಅಪರೂಪದ ಪುಟ್ಟ ಹಾವನ್ನು ಕೊಲ್ಲುತ್ತಾರೆ. ಕೊಂದವರೂ ಕೆಟ್ಟವರಲ್ಲ, ಅದೇ ಸಂಕಟ. ವಾಸಿಮಾಡುವುದೆಂದರೆ ಏನು, ವಾಸಿಯಾಗಲೇಬೇಕೆಂದು ಬಂದವರ ಭಯ ಎಂಥದು ಎಂದು ಇಷ್ಟು ಬಲ್ಲ ಲೇಖಕಿಯ ಕೈಗೆ ವಾರುವಿನಂಥ ಪಾತ್ರ ಸಿಕ್ಕಿತ್ತು! ದೊಡ್ಡ ಕಾಯಿಲೆಗೆಲ್ಲ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ ಮಂಗಳೂರಿಗೆ ಓಡುವವರು ನಾವು. 2020ರಲ್ಲಿ ಆ ಗಡಿ ಮುಚ್ಚಿದಾಗ ಆಂಬುಲೆನ್ಸ್‌ಗಳು ನಿಂತದ್ದನ್ನು ಕಂಡ ಕಾಸರಗೋಡಿನವರಿಗೆ, ವಾರುವಿನ ಮುಂದೆ ನೆರೆದ ಗುಂಪಿನ ಬಗ್ಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಂದವರು ಯಾರು, ಯಾರು ಗುಣವಾಗಿ ಮನೆಗೆ ಹೋದರು, ಯಾರು ಹೋಗಲಿಲ್ಲ? ಕಾದಂಬರಿಗೆ ಅದನ್ನು ಕೇಳಲು ಪುರುಸೊತ್ತಿಲ್ಲ. ಅಳಿದ ಸಾಮ್ರಾಜ್ಯವನ್ನು ಮತ್ತೆ ಕಟ್ಟಲು ಹೊರಟ ಹೆತ್ರಿರ್ ಎಂಬ ಖಳನಾಯಕನ ಹಿಂದೆ ಓಡುತ್ತದೆ. ಅವನೋ, ಬಾಗಿಲು ತೆರೆದು ಒಳಗೆ ಬಂದ ಕ್ಷಣದಿಂದಲೇ ಖಳನಾಯಕ. ಒಂದು ಪುಟವೂ ಮನುಷ್ಯನಾಗುವುದಿಲ್ಲ.

ಲ್ಯೂಕನ ಪೆದ್ದುತನಕ್ಕೆ ಪುಸ್ತಕದಲ್ಲಿ ಕಾರಣ ಕೊಟ್ಟಿದ್ದಾರೆ. ಹತ್ತಿರದ ಬಿಳಿ ಕುಬ್ಜ ನಕ್ಷತ್ರವೊಂದು (ಉರಿದು ಮುಗಿದ ನಕ್ಷತ್ರದ ಉಳಿಕೆ) ತಣಿದು ಹರಳುಗಟ್ಟುತ್ತಿದೆಯಂತೆ, ಅದರ ಕಂಪನ ಜೆಡೈಗಳಿಗಿರುವ ‘ಫೋರ್ಸ್’ ಎಂಬ ಅತೀಂದ್ರಿಯ ಶಕ್ತಿಯನ್ನು ಅವನಲ್ಲಿ ಕೆಡಿಸುತ್ತದಂತೆ. ಹರಳುಗಟ್ಟುವುದೇನೂ ಕಟ್ಟುಕತೆಯಲ್ಲ. 1960ರ ದಶಕದಲ್ಲೇ ವಿಜ್ಞಾನಿಗಳು ಊಹಿಸಿದ್ದ ಸಂಗತಿ. ಗಯಾ ಎಂಬ ಬಾಹ್ಯಾಕಾಶ ದೂರದರ್ಶಕದ ಮಾಹಿತಿಯಲ್ಲಿ ಅದಕ್ಕೆ ಸಾಕ್ಷ್ಯ ಸಿಕ್ಕಿತೆಂದು 2019ರ ಜನವರಿಯಲ್ಲಿ ಪ್ರಕಟವಾಯಿತು. ಲೇಖಕಿ ತೀರಿಕೊಂಡದ್ದೂ ಅದೇ ವರ್ಷ. ವಿಜ್ಞಾನ ಸರಿ, ಕತೆ ಸರಿಯಿಲ್ಲ. ನಕ್ಷತ್ರ ಕೆಡಿಸಿತು ಎಂದುಬಿಟ್ಟರೆ ಲ್ಯೂಕ್ ಯಾಕೆ ನಂಬಿದ, ಅವನೊಳಗೆ ಏನು ಕೊರತೆಯಿತ್ತು ಎಂಬುದು ಬೇಡವೆ?

ಮಕ್ಕಳ ಭಾಗ ಮಾತ್ರ ಚೆನ್ನಾಗಿದೆ. ಹಾನ್ ಮತ್ತು ಲ್ಯೂಕನ ತಂಗಿ ಲೆಯಾರ ಮೂವರು ಮಕ್ಕಳನ್ನು ಹೆತ್ರಿರ್ ಅಪಹರಿಸಿ, ನಿಮ್ಮ ಅಪ್ಪ ಅಮ್ಮ ಸತ್ತರೆಂದು ಸುಳ್ಳು ಹೇಳುತ್ತಾನೆ. ಪುಟ್ಟ ಜೈನಾ ನಂಬುವುದಿಲ್ಲ. ಅವಳ ಕಣ್ಣಿನಿಂದ ಕಾಣುವ ಪುಟಗಳಲ್ಲಿ ಹಸಿವು, ಹಟ, ತಮ್ಮಂದಿರ ಚಿಂತೆ ಎಲ್ಲ ನಿಜವಾದವು. ದೊಡ್ಡವರ ಅಧ್ಯಾಯ ಬಂದಾಗಲೆಲ್ಲ ನಾನು ಪುಟ ಹಾರಿಸತೊಡಗಿದೆ.

ಇಂಥ ಪುಸ್ತಕಗಳ ಪರವಾಗಿ ಯಾವಾಗಲೂ ಒಂದು ವಾದ ಬರುತ್ತದೆ: ಪಾತ್ರಗಳು ಬೇರೆಯವರ ಸ್ವತ್ತು, ಲ್ಯೂಕ್ ಸಾಯುವಂತಿಲ್ಲ, ಲೇಖಕರ ಕೈ ಕಟ್ಟಿಹಾಕಿದ್ದಾರೆ, ಇನ್ನೇನು ಮಾಡಿಯಾರು? ಕುಂಬಳೆ ಸೀಮೆಯಲ್ಲಿ ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರ ಹತ್ತಿರ ಈ ಮಾತು ಹೇಳಬೇಡಿ ಮಾರಾಯರೇ. ವಾಲಿ ಸಾಯುತ್ತಾನೆಂದು ಸಭೆಗೆಲ್ಲ ಗೊತ್ತು. ಭಾಗವತರು ಹಾಡುವ ಪದವೂ ಗೊತ್ತು. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ನಾಟಿಸಿಕೊಂಡು ರಾಮನನ್ನು ಪ್ರಶ್ನಿಸುವಾಗ ರಾಮನ ಪಕ್ಷದವರೂ ಕಕ್ಕಾಬಿಕ್ಕಿಯಾಗುತ್ತಿದ್ದರು. ಕೊನೆ ಬದಲಾಗಲಿಲ್ಲ, ವಾಲಿ ಬದಲಾದ. ಹೀಗೆ ಪಾತ್ರದ ಮಾತಾಡುವ ಅರ್ಥಧಾರಿಗೆ ಸಾಧ್ಯವಾದದ್ದು ಕಾದಂಬರಿಕಾರ್ತಿಗೆ ಯಾಕೆ ಅಸಾಧ್ಯ?

ಮ್ಯಾಕಿಂಟೈರ್ ಅವರಿಗೇ ಸಾಧ್ಯವಾಗಿತ್ತು. ಸ್ಟಾರ್ ಟ್ರೆಕ್ ಎಂಬ ಇನ್ನೊಂದು ಬಾಹ್ಯಾಕಾಶ ಕತೆಯ ಸರಣಿಗಾಗಿ ಅವರು 1981ರಲ್ಲಿ ಬರೆದ ‘ದಿ ಎಂಟ್ರೊಪಿ ಎಫೆಕ್ಟ್’ನಲ್ಲಿ, ಅದುವರೆಗೆ ಬರೀ ಸುಲು ಆಗಿದ್ದ ಪಾತ್ರಕ್ಕೆ ಹಿಕಾರು ಎಂಬ ಹೆಸರು ಕೊಟ್ಟರು. ಆ ಹೆಸರು 1991ರ ಸ್ಟಾರ್ ಟ್ರೆಕ್ ಸಿನಿಮಾದಲ್ಲಿ ಅಧಿಕೃತವಾಗಿ ಸೇರಿತು. ಕಟ್ಟಿದ ಕೈಯಲ್ಲೇ ಪರರ ಪಾತ್ರಕ್ಕೆ ನಾಮಕರಣ ಮಾಡಿದವರು ಇವರು!

2014ರಲ್ಲಿ ಈ ಹಳೆಯ ಸ್ಟಾರ್ ವಾರ್ಸ್ ಕಾದಂಬರಿಗಳನ್ನೆಲ್ಲ ‘ಲೆಜೆಂಡ್ಸ್’ ಎಂದು ಕರೆದು ಅಧಿಕೃತ ಕತೆಯಿಂದ ಹೊರಗಿಟ್ಟರು. ಕೆಲವನ್ನು ಕಳೆದುಕೊಂಡದ್ದಕ್ಕೆ ನನಗೆ ಬೇಸರವಿದೆ, ಇದಕ್ಕಿಲ್ಲ. ಬೇಕಾದವರು ನನ್ನ ಪ್ರತಿ ಒಯ್ಯಬಹುದು, ವಾಪಸ್ಸು ಕೊಡುವ ಅವಸರ ಬೇಡ. ಬದಲಿಗೆ ‘ದಿ ಎಂಟ್ರೊಪಿ ಎಫೆಕ್ಟ್’ ಕಾಸರಗೋಡು, ಮಂಗಳೂರು ಕಡೆ ಯಾರ ಹತ್ತಿರವಾದರೂ ಇದ್ದರೆ ತಿಳಿಸಿ, ಬಂದು ಒಯ್ಯುತ್ತೇನೆ.