ಮದುವೆ ಮಾಡಿಸುತ್ತೇನೆ ಎನ್ನುವ ಪಾದ್ರಿಗೂ ಧಾರ್ಮಿಕ ಸ್ವಾತಂತ್ರ್ಯ ಇದೆ

ಸಲಿಂಗ ವಿವಾಹದ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಎದ್ದೇ ಏಳುತ್ತದೆ: ‘ಹಾಗಾದರೆ ನಮ್ಮ ಧಾರ್ಮಿಕ ಸ್ವಾತಂತ್ರ್ಯದ ಗತಿಯೇನು?’ ಈ ಪ್ರಶ್ನೆಯನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ತಮ್ಮ ಶ್ರದ್ಧೆಗೆ ಒಪ್ಪದ ಮದುವೆ ಮಾಡಿಸಿ ಎಂದು ಪುರೋಹಿತರನ್ನಾಗಲಿ, ಪಾದ್ರಿಯನ್ನಾಗಲಿ, ಖಾಜಿಯನ್ನಾಗಲಿ ಯಾವ ಸರ್ಕಾರವೂ ಬಲವಂತ ಮಾಡಕೂಡದು. ಆದರೆ ಹೀಗೆ ಕೇಳುವವರ ಲೆಕ್ಕದಲ್ಲಿ ಧರ್ಮ ಅಂದರೆ ಬೇಡ ಅನ್ನುವವರದ್ದು ಮಾತ್ರ. ಆಗಲಿ, ಮಾಡಿಸುತ್ತೇವೆ ಅನ್ನುವ ಧರ್ಮಗುರುಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ ಸರ್ಕಾರದ ಪರವಾನಗಿ ಇಲ್ಲದ ಜೋಡಿಗೆ ಮದುವೆ ಮಾಡಿಸಿದ ಪಾದ್ರಿಯ ಮೇಲೆ ಕೇಸು ಹಾಕಬಹುದಿತ್ತು. ಸಲಿಂಗ ಜೋಡಿಗಳಿಗೆ ಪರವಾನಗಿ ಸಿಗುತ್ತಲೇ ಇರಲಿಲ್ಲ. 2014ರಲ್ಲಿ ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್ ಎಂಬ ಪ್ರೊಟೆಸ್ಟೆಂಟ್ ಪಂಗಡ ಕೋರ್ಟಿಗೆ ಹೋಯಿತು. ಇದು ನಮ್ಮ ಧಾರ್ಮಿಕ ಸ್ವಾತಂತ್ರ್ಯಕ್ಕೆ ಬಿದ್ದ ಪೆಟ್ಟು ಎಂದು ವಾದಿಸಿದ್ದು ಚರ್ಚೇ! ಅದೇ ವರ್ಷ ಅಕ್ಟೋಬರಿನಲ್ಲಿ ಸಲಿಂಗ ವಿವಾಹದ ಮೇಲೆ ಅಲ್ಲಿದ್ದ ನಿಷೇಧ ಕೋರ್ಟಿನಲ್ಲಿ ಬಿದ್ದುಹೋಯಿತು. ಬ್ರಿಟನ್ನಿನ ಕ್ವೇಕರರು ಎಂಬ ಕ್ರೈಸ್ತ ಪಂಗಡದವರು 2009ರಲ್ಲೇ ಇಂಥ ಮದುವೆ ನಡೆಸಲು ನಿರ್ಧರಿಸಿದ್ದರು, ಕಾನೂನು ಬಿಡಲಿಲ್ಲ. 2013ರ ಕಾಯ್ದೆ ಬಂದ ಮೇಲೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಷ್ಟವಿದ್ದ ಪಂಗಡ ಮಾಡಿಸಬಹುದು, ಇಷ್ಟವಿಲ್ಲದವರನ್ನು ಯಾರೂ ಒತ್ತಾಯಿಸುವಂತಿಲ್ಲ. ಇಂಗ್ಲೆಂಡಿನ ಅಧಿಕೃತ ಚರ್ಚಾದ ಚರ್ಚ್ ಆಫ್ ಇಂಗ್ಲೆಂಡಿಗಂತೂ ಬೇರೆಯೇ ರಕ್ಷಣೆ ಬರೆದಿಟ್ಟಿದ್ದಾರೆ. ನನಗೆ ಇದು ನ್ಯಾಯವಾಗಿ ಕಾಣುತ್ತದೆ.

ನಿಜವಾಗಿ ಕಷ್ಟದ ಪ್ರಶ್ನೆ ಅಂಗಡಿಯವರದ್ದು. ಕೊಲೊರಾಡೊದಲ್ಲಿ ಸಲಿಂಗ ಜೋಡಿಯ ಮದುವೆಗೆ ಕೇಕ್ ಮಾಡಿಕೊಡಲು ಒಪ್ಪದ ಬೇಕರಿಯವನ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪು ಕೊಟ್ಟಿತು. ಆದರೆ ಅವನ ಮೇಲಿನ ದೂರು ಆಲಿಸಿದ ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಅವನ ನಂಬಿಕೆಯನ್ನು ಹಗೆಯಿಂದ ಕಂಡಿತು ಎಂಬುದೇ ಅದಕ್ಕೆ ಆಧಾರ. ಆಯೋಗ ಹಾಗೆ ನಡೆದುಕೊಂಡಿದ್ದು ತಪ್ಪೇ. ಆದರೂ ಎಲ್ಲರಿಗೂ ಬಾಗಿಲು ತೆರೆದ ಅಂಗಡಿ ಗಿರಾಕಿಯ ಮುಖ ನೋಡಿ ಬಾಗಿಲು ಹಾಕುವುದನ್ನು ನಾನು ಒಪ್ಪಲಾರೆ. ಸರ್ಕಾರಿ ಸಂಬಳ ತಿನ್ನುವ ಅಧಿಕಾರಿಯ ವಿಷಯದಲ್ಲಂತೂ ಚರ್ಚೆಯೇ ಬೇಡ. ಮದುವೆಯ ದಾಖಲೆಗೆ ಹಾಕುವ ಸಹಿ ಅವರ ಸ್ವಂತದ್ದಲ್ಲ, ಕಾನೂನಿನದ್ದು.

ನಮ್ಮಲ್ಲಿ? 2023ರಲ್ಲಿ ಸಲಿಂಗ ವಿವಾಹ ಕುರಿತ ಸುಪ್ರೀಂ ಕೋರ್ಟಿನ ವಿಚಾರಣೆ ಧಾರ್ಮಿಕ ವೈಯಕ್ತಿಕ ಕಾನೂನುಗಳ ಗೊಡವೆಗೇ ಹೋಗಲಿಲ್ಲ. ಚರ್ಚೆ ನಡೆದದ್ದು ಮುಖ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯ ಮೇಲೆ. ಅಕ್ಟೋಬರ್ 17ರಂದು ನ್ಯಾಯಾಲಯ, ಇದನ್ನು ಸಂಸತ್ತೇ ತೀರ್ಮಾನಿಸಬೇಕು ಎಂದಿತು. ಆ ಕಾಯ್ದೆಯಡಿ ಮದುವೆಗೆ ಬೇಕಾದ್ದು ವಿವಾಹಾಧಿಕಾರಿ, ಮೂವರು ಸಾಕ್ಷಿಗಳು, ಸಹಿ. ಮಂತ್ರ ಬೇಕಿಲ್ಲ, ಬೈಬಲ್ ಬೇಕಿಲ್ಲ, ನಿಕಾಹ್ ಬೇಕಿಲ್ಲ. ಅಂಥ ರಿಜಿಸ್ಟರಿನಲ್ಲಿ ಇಬ್ಬರು ಹೆಂಗಸರೋ ಇಬ್ಬರು ಗಂಡಸರೋ ಸಹಿ ಹಾಕಿದರೆ ಯಾರ ಪೂಜೆ, ಯಾರ ನಮಾಜು, ಯಾರ ಪ್ರಾರ್ಥನೆ ನಿಲ್ಲುತ್ತದೆ? ಧರ್ಮದ ಹೆಸರು ಹೇಳಿ ಇದನ್ನು ತಡೆಯುವ ಸಂಸದರು ಮೊದಲು ಇದಕ್ಕೆ ಉತ್ತರ ಕೊಡಲಿ.