ಅರಮನೆ ತೆರೆದೇ ಇತ್ತು

ಬ್ಯಾಂಕಾಕಿನಿಂದ ಬಂದು ಹತ್ತು ದಿನ ಆಯ್ತು, ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ದುಡ್ಡಿಗಲ್ಲ, ದುಡ್ಡು ಹೋಗಿದ್ದು ಅಷ್ಟೇನಿಲ್ಲ. ನಮ್ಮ ಮೊದಲ ದಿನವನ್ನೇ ಕದ್ದುಬಿಟ್ಟರಲ್ಲ, ಅದಕ್ಕೆ.

ಮದುವೆಯಾಗಿ ಇಪ್ಪತ್ತೆಂಟು ವರ್ಷಕ್ಕೆ ಹೊರಟ ಮೊದಲ ವಿದೇಶ ಪ್ರವಾಸ. ನಮ್ಮನೆಯವರು ಹೊನ್ನಾವರದ ಕಡೆ ಮೇಷ್ಟ್ರಾಗಿದ್ದವರು, ತಾಳಮದ್ದಲೆಯಲ್ಲಿ ಅರ್ಥ ಹೇಳುವವರು. ರಾವಣನ ಪಾತ್ರ ಸಿಗುತ್ತದೆ ಅಂದರೆ ಊಟ ಬಿಟ್ಟು ಹೊರಡ್ತಾರೆ. ಎಲ್ಲಿಗೆ ಹೋಗ್ತೀರಿ ಅಂತ ಮಕ್ಕಳು ಕೇಳಿದಾಗ ಇವರು ಬ್ಯಾಂಕಾಕ್ ಅಂದಿದ್ದೂ ರಾವಣನಿಗಾಗಿಯೇ. ಅಲ್ಲಿಯ ಅರಮನೆ ಆವರಣದಲ್ಲಿ ಪಚ್ಚೆ ಬುದ್ಧನ ಗುಡಿಯಿದೆ. ಅದರ ಸುತ್ತಿನ ಪೌಳಿಯ ಗೋಡೆಗಳ ಮೇಲೆ ರಾಮಾಯಣದ 178 ಚಿತ್ರಗಳು. ಅವರು ರಾಮಕಿಯನ್ ಅಂತಾರೆ. ರಾವಣ ಅಲ್ಲಿ ತೋತ್ಸಕನ್, ನಮ್ಮ ದಶಕಂಠ ಅನ್ನುವ ಹೆಸರೇ ಹಾಗಾಗಿದೆ. ರಾಮನ ಮೈ ಹಸಿರು, ಹನುಮಂತ ಬಿಳಿ. ಆ ಹನುಮಂತ ಬ್ರಹ್ಮಚಾರಿಯೂ ಅಲ್ಲ, ಸೇತುವೆ ಕಟ್ಟುವ ಹೊತ್ತಿಗೆ ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ತಾನೆ! ಇದನ್ನೆಲ್ಲ ಓದಿ, ಯಾವ ಯಾವ ಪ್ರಸಂಗ ನೋಡಬೇಕು ಅಂತ ಇವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದರು. ಕಣ್ಣಾರೆ ಕಂಡದ್ದನ್ನು ಬರೆಯೋಕೆ ಎದುರಿನ ಪುಟಗಳನ್ನು ಖಾಲಿ ಬಿಟ್ಟಿದ್ದರು.

ಬೆಳಗ್ಗೆ ಒಂಬತ್ತೂವರೆಗೆ ಸನಮ್ ಚಾಯ್ ಮೆಟ್ರೋ ಸ್ಟೇಷನ್ನಿನಲ್ಲಿ ಇಳಿದೆವು. ಅರಮನೆಯ ಬಿಳಿ ಗೋಡೆಯ ಪಕ್ಕ ನಡೀತಾ ಇದ್ದಾಗ ಒಬ್ಬ ಎದುರಾದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಗುರುತಿನ ಚೀಟಿ. ಕೈ ಮುಗಿದು "ಇಂಡಿಯಾ? ನಮಸ್ತೆ" ಅಂದ. ಇವತ್ತು ವಿಶೇಷ ಪೂಜೆ, ಎರಡು ಗಂಟೆಯವರೆಗೆ ಹೊರಗಿನವರನ್ನು ಬಿಡೋದಿಲ್ಲ, ಅಲ್ಲಿಯ ತನಕ 20 ಬಾತ್‌ಗೆ ಟುಕ್‌ಟುಕ್‌ನಲ್ಲಿ ಮೂರು ದೇವಸ್ಥಾನ ನೋಡಿ ಬನ್ನಿ ಅಂದ. ನಾವು ನಂಬಿದೆವು. ನಮ್ಮೂರಲ್ಲಿ ಮಹಾಪೂಜೆಯಾದ ಮೇಲೆ ಗುಡಿ ಬಾಗಿಲು ಹಾಕೋದಿಲ್ವಾ? ದೇವರ ಹೆಸರು ಹೇಳಿ ಮೋಸ ಮಾಡಿದ, ನನಗೆ ಮೈ ಉರಿಯೋದು ಅಲ್ಲೇ.

ಒಂದು ಸಣ್ಣ ಗುಡಿ ತೋರಿಸಿದರು, ಅಷ್ಟೇ. ಆಮೇಲೆ ಹರಳಿನ ಅಂಗಡಿ, ಸೂಟು ಹೊಲಿಯುವ ಅಂಗಡಿ, ಮತ್ತೊಂದು ಹರಳಿನ ಅಂಗಡಿ. ಜನರನ್ನು ಕರೆತಂದರೆ ಡ್ರೈವರಿಗೆ ಕೂಪನ್ ಸಿಗುತ್ತಂತೆ, ಹತ್ತು ನಿಮಿಷ ಒಳಗೆ ಕೂತಿರಿ ಸಾಕು ಅಂತ ಅವನೇ ಬಾಯಿಬಿಟ್ಟು ಕೇಳಿದ. ಬಾಗಿಲಿಗೆ ಅಡ್ಡ ನಿಂತು ನೀಲಮಣಿ ಮಾರುವವರ ಮುಂದೆ ನಮ್ಮನೆಯವರು ಗಡಿಯಾರ ನೋಡ್ಕೊಳ್ತಾ ಕೂತಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಏನೂ ಕೊಳ್ಳಲಿಲ್ಲ ಅಂತ ಸಿಟ್ಟಾಗಿ ಡ್ರೈವರು ನಮ್ಮನ್ನು ಗುರುತಿಲ್ಲದ ಯಾವುದೋ ರಸ್ತೆಯಲ್ಲಿ ಇಳಿಸಿ ಹೋದ. ಉರಿಬಿಸಿಲು, ಕುಡಿಯೋಕೆ ನೀರಿಲ್ಲ. ಇವರಿಗೆ ಬಿಪಿ ಬೇರೆ.

ದಾರಿ ಕೇಳಿಕೊಂಡು, ಟ್ಯಾಕ್ಸಿ ಹಿಡಿದು ವಾಪಸ್ ಬರುವಾಗ ಮೂರೂ ಮುಕ್ಕಾಲು. ಟಿಕೆಟ್ ಕೊಡೋದು ಮೂರೂವರೆಗೇ ನಿಲ್ಲುತ್ತದೆ. ಪೂಜೆ ಮುಗೀತಾ ಅಂತ ಗಾರ್ಡನ್ನು ಕೇಳಿದೆ. ಯಾವ ಪೂಜೆ, ಬೆಳಗ್ಗೆ ಎಂಟೂವರೆಯಿಂದ ತೆರೆದೇ ಇತ್ತಲ್ಲ ಅಂದ. ಇಬ್ಬರ ಟಿಕೆಟ್ಟಿಗೆ ಅಂತ ತೆಗೆದಿಟ್ಟ 1000 ಬಾತ್ ಇವರ ಜೇಬಿನಲ್ಲೇ ಉಳೀತು.

ಅಪರಿಚಿತರನ್ನು ನಂಬಬೇಡಿ ಅಂತ ಫಲಕ ಹಾಕಿದ್ದಾರೆ, ನಿಜ. ಆದರೆ ಗೇಟು ಕಣ್ಣಿಗೆ ಬೀಳುವ ಮುಂಚೆಯೇ ನಮ್ಮನ್ನು ಬೇರೆ ಕಡೆ ಸಾಗಿಸಿ ಆಗಿತ್ತು. ಇದು ಆ ಊರಿನ ಹಳೇ ಮೋಸವಂತೆ, ಎಲ್ಲರಿಗೂ ಗೊತ್ತಂತೆ. ಗೊತ್ತಿದ್ದೂ ಆ ಗೋಡೆ ಪಕ್ಕ ಅವರನ್ನು ನಿಲ್ಲೋಕೆ ಬಿಡೋದು ಯಾಕೆ? ಊರಿಗೆ ಬಂದ ಮೇಲೆ ನೆಂಟರದ್ದು ಬೇರೆ, "ಮೊದಲೇ ಓದ್ಕೊಂಡು ಹೋಗಬೇಕಿತ್ತು" ಅಂತ. ಆರು ತಿಂಗಳು ಓದಿದ್ದಾರೆ ಕಣ್ರೀ ಆ ಮನುಷ್ಯ! ರಾಮಾಯಣ ಓದಿದರು, ಕಳ್ಳರ ಬಗ್ಗೆ ಓದಲಿಲ್ಲ. ಅದು ಅವರ ತಪ್ಪಾ?

ಸಂಜೆ ಪಕ್ಕದ ವಾಟ್ ಫೋ ಅನ್ನುವ ಬುದ್ಧನ ಗುಡಿಗೆ ಹೋದೆವು. 46 ಮೀಟರ್ ಉದ್ದದ ಮಲಗಿದ ಬುದ್ಧ, ಹಿಂದೆ ಸಾಲಾಗಿ 108 ಕಂಚಿನ ಬಟ್ಟಲು. ಇವರು ಒಂದೊಂದರಲ್ಲೂ ಕಾಸು ಹಾಕಿದರು, ಒಂದು ಮಾತೂ ಆಡಲಿಲ್ಲ. ಮರುದಿನ ಬೆಳಗ್ಗೆಯೇ ಪ್ಯಾಕೇಜಿನ ಬಸ್ಸು ಪಟ್ಟಾಯಕ್ಕೆ, ಅಲ್ಲಿಂದ ನೇರ ವಿಮಾನ ನಿಲ್ದಾಣಕ್ಕೆ.

ಮೊನ್ನೆ ತಾಳಮದ್ದಲೆ ಕೂಟಕ್ಕೆ ಸೇರಿದವರು "ಮೇಷ್ಟ್ರೇ, ಅಲ್ಲಿಯ ರಾವಣನ ಬಣ್ಣ ಹ್ಯಾಂಗಿತ್ತು?" ಅಂತ ಆಸೆಯಿಂದ ಕೇಳಿದರು. ಅರ್ಥ ಹೇಳೋಕೆ ಕೂತರೆ ಯಾರ ಮುಂದೂ ಮಾತಿಗೆ ತಡವರಿಸದ ಮನುಷ್ಯ, ಚಹಾ ತರ್ತೇನೆ ಅಂತ ಎದ್ದು ಒಳಗೆ ಬಂದರು.